ಬಾಜೂಕ ಒಂದು ಕುರ್ಚಿ

ಅವರು ತೀರಿಕೊಂಡ ಸುದ್ದಿ ನನಗೆ ಬಂದದ್ದು ನಾವಿಬ್ಬರೂ ಕೆಲಸ ಮಾಡಿದ ಮಾನ್ವಿಯ ಹೈಸ್ಕೂಲಿನ ವಾಟ್ಸಾಪ್ ಗುಂಪಿನಲ್ಲಿ. ‘ನಮ್ಮ ಸಂಸ್ಥೆಯ ನಿವೃತ್ತ ಪ್ರಭಾರಿ ಮುಖ್ಯೋಪಾಧ್ಯಾಯಿನಿಯವರು ನಿಧನರಾದರೆಂದು ತಿಳಿಸಲು ವಿಷಾದಿಸುತ್ತೇವೆ.’ ಕೆಳಗೆ ಸಾಲುಸಾಲಾಗಿ ಮುಗಿದ ಕೈಗಳ ಚಿತ್ರ. ನನಗೆ ಅಳು ಬರಲಿಲ್ಲ, ಮೈ ಉರಿಯಿತು. ಪ್ರಭಾರಿ! ಸತ್ತವರ ಹೆಸರಿಗೂ ಆ ಶಬ್ದವನ್ನು ಮರೆಯದೆ ಅಂಟಿಸಿದ್ದಾರಲ್ಲ, ಇವರ ಬಾಯಾಗ ಮಣ್ಣು ಹಾಕ. ಪ್ರಭಾರಿ ಅಂದರೆ ಖಾಯಂ ಆದವರು ಬರುವ ತನಕ ಚಾರ್ಜು ನೋಡಿಕೊಳ್ಳುವವರು. ಆ ‘ತನಕ’ ಅನ್ನುವುದು ಅವರ ಪಾಲಿಗೆ ನೌಕರಿ ಮುಗಿಯುವ ತನಕ ಎಳೆಯಿತು.

ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. ನಾನು ಹಿಂದಿ ಕಲಿಸುತ್ತಿದ್ದೆ, ಅವರು ಇತಿಹಾಸ. ನಾನು ರಾಯಚೂರಿನಲ್ಲಿ ಬಸ್ಸು ಹತ್ತಿದರೆ ಅವರು ಕಲ್ಮಲದಲ್ಲಿ ಹತ್ತುತ್ತಿದ್ದರು. ಅಷ್ಟೊತ್ತಿಗೆ ಬಸ್ಸು ತುಂಬಿರುತ್ತಿತ್ತು. ಹೆಂಗಸರ ಸೀಟಿನಲ್ಲಿ ಯಾವನೋ ಒಬ್ಬ ಕಾಲು ಅಗಲಿಸಿಕೊಂಡು ಕೂತಿರುತ್ತಿದ್ದ. ಅಕ್ಕ ಕೂಗಾಡುತ್ತಿರಲಿಲ್ಲ. ಗಿಡ್ಡ ಮೈ, ಬಿಗಿಯಾಗಿ ಕಟ್ಟಿದ ತುರುಬು, ದಾರ ಕಟ್ಟಿದ ಚಾಳೀಸು. ಆತನ ಎದುರಿಗೆ ಹೋಗಿ ನಿಂತು, ಕೈಯ ಗಾಜಿನ ಬಳೆಗಳನ್ನು ಮೇಲಕ್ಕೆ ಏರಿಸಿ, ‘ಏಳ್ರಿ’ ಅನ್ನುತ್ತಿದ್ದರು, ಅಷ್ಟೇ. ಆತ ಒಂದಿಷ್ಟು ಸರಿದು, ‘ಇಲ್ಲೇ ಬಾಜೂಕ ಕುಂದ್ರು ಬಾ ಯವ್ವಾ’ ಅಂದರೆ, ‘ಬಾಜೂಕ ಅಲ್ಲ, ಏಳ್ರಿ’ ಅನ್ನುತ್ತಿದ್ದರು. ಆತ ಏಳುತ್ತಿದ್ದ. ಅಕ್ಕ ಕಿಟಕಿಯ ಬದಿಗೆ ಸರಿದು, ಸೀರೆಯ ನೆರಿಗೆ ಸರಿಮಾಡಿಕೊಂಡು, ನನ್ನನ್ನು ಕರೆದು ಕೂರಿಸಿಕೊಂಡು, ‘ನೋಡವ್ವ, ಮೊದಲು ಕುಂದ್ರಬೇಕು. ಮಾತು ಏನಿದ್ರೂ ಆಮ್ಯಾಲ’ ಅನ್ನುತ್ತಿದ್ದರು.

ಈ ಮಾತನ್ನು ತಾನು ಒಬ್ಬ ರಾಣಿಯಿಂದ ಕಲಿತದ್ದು ಅಂತ ಅವರ ಹೇಳಿಕೆ. ಓರುಗಲ್ಲಿನ ರಾಣಿ, ಅಂದರೆ ಈಗಿನ ವಾರಂಗಲ್ಲಿನವಳು. ಪಠ್ಯಪುಸ್ತಕದಲ್ಲಿ ಆಕೆಯದು ಎರಡು ಸಾಲು. ಅಕ್ಕ ಅದನ್ನು ಒಂದು ವಾರ ಎಳೆಯುತ್ತಿದ್ದರು. ಅಪ್ಪನಿಗೆ ಗಂಡುಮಕ್ಕಳಿಲ್ಲ, ಮಗಳಿಗೇ ಗಂಡು ಹೆಸರು ಇಟ್ಟ, ಗಂಡಿನ ಉಡುಪು ತೊಡಿಸಿದ, ಪಟ್ಟಕ್ಕೆ ಕೂರಿಸಿದ. ಶಾಸನಗಳಲ್ಲಿ ಆಕೆ ಮಹಾರಾಜ. ಒಮ್ಮೆ ನಾನು ಪಕ್ಕದ ತರಗತಿಯಲ್ಲಿದ್ದಾಗ ಇಷ್ಟು ಕೇಳಿಸಿತು.

‘ಟೀಚರ್, ಆಕಿ ಹೆಣ್ಣಲ್ರೀ? ಮಹಾರಾಣಿ ಅನ್ನಬೇಕಲ್ರೀ?’ ಅಂತ ಒಬ್ಬ ಹುಡುಗಿ.

‘ಮಹಾರಾಣಿ ಅಂದ್ರ ಯಾರವ್ವ? ಮಹಾರಾಜನ ಹೇಣ್ತಿ. ಈಕಿ ಯಾರ ಹೇಣ್ತಿ ಅಂತ ಪಟ್ಟಕ್ಕ ಬಂದಾಕಿ ಅಲ್ಲ. ಈಕಿನೇ ಮಹಾರಾಜ.’

ಆವತ್ತಿನಿಂದ ಅವರ ತರಗತಿಯ ಹೆಣ್ಣುಮಕ್ಕಳೆಲ್ಲ ಮಹಾರಾಜರಾದರು. ‘ಏನ್ ಮಹಾರಾಜ್ರೇ, ಹೋಂವರ್ಕ್ ಯಾಕ ಮಾಡಿಲ್ಲ?’, ‘ಏ ಮಹಾರಾಜ, ಮೂಗು ಒರಸ್ಕೋ.’ ಹುಡುಗರಿಗೆ ಮಾತ್ರ ಅವರವರ ಹೆಸರೇ ಗತಿ. ನಾವು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದೆವು. ‘ನಗ್ರಿ, ನಗ್ರಿ. ಹೆಸರು ಹಿಡಿದು ಕರೀತಾ ಕರೀತಾ ಅದು ಮೈಗೆ ಹತ್ತತದ’ ಅನ್ನುತ್ತಿದ್ದರು.

ವರ್ಷಕ್ಕೊಮ್ಮೆ ಮಕ್ಕಳನ್ನು ರಾಯಚೂರಿನ ಕೋಟೆಗೆ ಕರೆದುಕೊಂಡು ಬರುತ್ತಿದ್ದರು. ಆ ಕೋಟೆಯ ಗೋಡೆಯಲ್ಲಿ ಒಂದೇ ಒಂದು ಉದ್ದನೆಯ ಕಲ್ಲಿನ ಮೇಲೆ ರಾಣಿಯ ಮನೆತನದ ಕಾಲದ ಶಾಸನವಿದೆ. ಪಕ್ಕದಲ್ಲಿ, ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ತಂದ ಚಿತ್ರವನ್ನೂ ಕೆತ್ತಿದ್ದಾರೆ. ‘ಈ ಕಲ್ಲು ತಂದವರು ಯಾರು?’ ಅಂತ ಅಕ್ಕ ಕೇಳುವರು. ಮಕ್ಕಳು ರಾಜ, ಮಂತ್ರಿ, ಸೈನಿಕ ಅಂತ ಒದರುತ್ತಿದ್ದವು. ಅಕ್ಕ ಬಂಡಿಯ ಮುಂದೆ ಸಾಲಾಗಿ ಕಟ್ಟಿದ ಪ್ರಾಣಿಗಳ ಮೇಲೆ ಬೆರಳಿಟ್ಟು, ‘ಕೋಣಗೋಳು. ಹೆಸರು ಮಂತ್ರಿದು, ಕೋಟಿ ದೊರೀದು, ಎಳದಿದ್ದು ಕೋಣ’ ಅನ್ನುತ್ತಿದ್ದರು. ಮಕ್ಕಳು ಹೋ ಅಂತ ನಗುತ್ತಿದ್ದವು. ಅಕ್ಕನೂ ನಗುತ್ತಿದ್ದರು.

ನಮ್ಮ ಹೆಡ್ ಮಾಸ್ತರರು ನಿವೃತ್ತರಾದಾಗ ಸೀನಿಯಾರಿಟಿಯಲ್ಲಿ ಅಕ್ಕನೇ ಮುಂದಿದ್ದರು. ಸಂಸ್ಥೆಯ ಅಧ್ಯಕ್ಷರು ರೈಸ್ ಮಿಲ್ಲಿನ ಸಾಹುಕಾರರು. ಹಣೆ ತುಂಬ ವಿಭೂತಿ, ಮಾತು ತುಂಬ ಶರಣು. ಯಾರಿಗೂ ದನಿ ಎತ್ತರಿಸಿ ಮಾತಾಡಿದವರಲ್ಲ, ಆ ಮಾತು ಒಪ್ಪಲೇಬೇಕು. ಅವರು ಶಾಲೆಗೆ ಬಂದು, ನಮ್ಮೆಲ್ಲರ ಎದುರಿಗೆ ಅಕ್ಕನಿಗೆ ಕೈಮುಗಿದು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

‘ಟೀಚರ್, ಸೀನಿಯಾರಿಟಿ ನಿಮ್ಮದದ, ಇಲ್ಲ ಅನ್ನಾಕ ನಾವ್ಯಾರು? ಚಾರ್ಜ್ ತಗೋರಿ. ಆದ್ರ ನಮ್ಮ ಸಂಸ್ಥಾದಾಗ ಒಂದು ಪದ್ಧತಿ ಅದ. ಆ ಕುರ್ಚಿ ನಮ್ಮ ಅಪ್ಪಾರು ಮಾಡಿಸಿದ್ದು. ಖಾಯಂ ಹೆಡ್ ಆದವರಷ್ಟೇ ಅದರಾಗ ಕುಂದ್ರೋದು. ನೀವು ಬಾಜೂಕ ಒಂದು ಕುರ್ಚಿ ಹಾಕ್ಕೊಳ್ರಿ. ಖಾಯಂ ಆದ ದಿನ ನಾನೇ ನಿಂತು ಕುಂದ್ರಸ್ತೀನಿ.’

ಪ್ರಭಾರಿ ಇದ್ದವರು ದೊಡ್ಡ ಕುರ್ಚಿ ಬಿಟ್ಟು ಪಕ್ಕದಲ್ಲಿ ಕೂರುವ ರೂಢಿ ನಮ್ಮ ಕಡೆ ಕೆಲವು ಆಫೀಸುಗಳಲ್ಲಿ ಉಂಟು, ಹಾಗಾಗಿ ಯಾರೂ ಹುಬ್ಬೇರಿಸಲಿಲ್ಲ. ಅಕ್ಕನ ಮುಖ ನೋಡಿದೆ. ಬಳೆಗಳನ್ನು ಮೇಲಕ್ಕೆ ಏರಿಸಿದರು, ಮತ್ತೆ ಇಳಿಸಿದರು. ‘ಆಗ್ಲಿರಿ’ ಅಂದರು. ಅಕ್ಕನ ತಾಯಿ ಕಲ್ಮಲದ ಹೊಲಗಳಲ್ಲಿ ಕಳೆ ಕಿತ್ತು ಮಗಳನ್ನು ಬಿ.ಎಡ್. ಓದಿಸಿದಾಕೆ. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರವಿತ್ತು. ಸಾಹುಕಾರರಿಗೆ ಅದೆಲ್ಲ ಗೊತ್ತಿತ್ತು. ಅಕ್ಕ ಹೆಡ್ ಆಗಿದ್ದಷ್ಟು ದಿನ ಅವರು ಆ ಕೋಣೆಯಲ್ಲಿ ಚಹಾ ಮುಟ್ಟಲಿಲ್ಲ. ‘ಈಗ ಮಿಲ್ಲಿನಾಗ ಕುಡದು ಬಂದ್ನಿ ಟೀಚರ್’ ಅನ್ನುತ್ತಿದ್ದರು. ಪದ್ಧತಿ ಅಂತೆ, ಪದ್ಧತಿ!

ಅಕ್ಕ ಪರೀಕ್ಷಾ ಕೋಣೆಯಿಂದ ತೋಳಿಲ್ಲದ ಒಂದು ಕಟ್ಟಿಗೆಯ ಕುರ್ಚಿ ತರಿಸಿಕೊಂಡರು. ದೊಡ್ಡ ಕುರ್ಚಿ ಸಾಗುವಾನಿಯದು, ತೋಳುಗಳ ತುದಿಗೆ ಗುಂಡನೆಯ ಹಿತ್ತಾಳೆ ಗುಬ್ಬಿ. ಜವಾನ ದಿನಾ ಮುಂಜಾನೆ ಅದರ ಧೂಳು ಹೊಡೆದು, ಮೇಜಿನ ನಡುವಿಗೆ ಸರಿಸಿ ಇಡುತ್ತಿದ್ದ. ಅಕ್ಕ ಅದರ ಎಡಕ್ಕೆ ಮೇಜಿನ ಮೂಲೆ ಹಿಡಿದು, ಸೊಂಟ ತಿರುಗಿಸಿಕೊಂಡು ಸಹಿ ಹಾಕುತ್ತಿದ್ದರು. ಹಾಗೆ ಕೂತು ಕೂತು ಕತ್ತು ಹಿಡಿಯಿತು. ಹೊರಗಿನಿಂದ ಬಂದವರು ಖಾಲಿ ಕುರ್ಚಿಗೆ ಮೊದಲು ನಮಸ್ಕಾರ ಹಾಕುತ್ತಿದ್ದರು. ನೀರಮಾನ್ವಿಯಿಂದ ಒಬ್ಬ ತಂದೆ ಮಗಳನ್ನು ಸೇರಿಸಲು ಬಂದವನು ಅಕ್ಕನನ್ನೇ ಕೇಳಿದ: ‘ಯವ್ವಾ, ಹೆಡ್ ಮಾಸ್ತರ್ರು ಎಲ್ಲಿ ಹೋಗ್ಯಾರ?’

‘ಇನ್ನೂ ಬಂದಿಲ್ಲಪ್ಪ. ದಾರಿ ನಾನೂ ನೋಡಾಕತ್ತೀನಿ’ ಅಂದರು ಅಕ್ಕ. ಆಮೇಲೆ ಆ ಹುಡುಗಿಯ ಅರ್ಜಿ ತೆಗೆದುಕೊಂಡು ಸಹಿ ಹಾಕಿದರು.

ಆದರೆ ಆಡಳಿತ ಹೇಗಿತ್ತು ಅಂತೀರಿ! ಆ ಮೂಲೆಯಲ್ಲಿ ಕೂತೇ ಅಕ್ಕ ಶಾಲೆಯನ್ನು ಕೈಯಲ್ಲಿ ಹಿಡಿದರು. ಬಜಾರಿನ ಹುಡುಗರು ಕಾಂಪೌಂಡಿಗೆ ಆತು ನಿಂತು ಹುಡುಗಿಯರನ್ನು ನೋಡಿ ಸೀಟಿ ಹೊಡೆಯುತ್ತಿದ್ದರು. ರಾಣಿ ಪಟ್ಟಕ್ಕೆ ಬಂದು ಕೋಟೆಯ ಗೋಡೆ ಎತ್ತರಿಸಿದಳಂತೆ, ಅಕ್ಕ ಊರಿನ ಪಾಲಕರನ್ನೆಲ್ಲ ಬೆನ್ನುಹತ್ತಿ ಕಾಂಪೌಂಡು ಎತ್ತರಿಸಿದರು. ರಾಣಿ ಕೆಲಸ ಕೊಡುವಾಗ ಮನೆತನ ಕೇಳುತ್ತಿರಲಿಲ್ಲವಂತೆ, ಅಕ್ಕ ಪರೀಕ್ಷೆಯ ಜವಾಬ್ದಾರಿಯನ್ನು ಸಾಹುಕಾರರ ತಮ್ಮನ ಮಗನಿಂದ ಕಿತ್ತು ನನಗೆ ಕೊಟ್ಟರು. ಆ ತಮ್ಮನ ಮಗ ಗಣಿತದ ಮಾಸ್ತರ. ಮುಂಜಾನೆ ಮಿಲ್ಲಿನ ಕೆಲಸ ಮುಗಿಸಿ, ಎರಡನೇ ಪೀರಿಯಡ್ಡಿಗೆ ಬೈಕಿನಲ್ಲಿ ಬರುತ್ತಿದ್ದ. ಅಕ್ಕ ಆತನಿಗೆ ಗೈರು ಹಾಕಿದರು. ‘ಆಕಿ ಮ್ಯಾಲೂ ಮೊದಲು ಎದ್ದವರು ಮನಿಯವರೇ’ ಅಂದರು ಅಕ್ಕ, ರಾಣಿಯ ಬಗ್ಗೆ. ಅವರ ಬಾಯಿಯಲ್ಲಿ ‘ಆಕಿ’ ಅಂದರೆ ಯಾವಾಗಲೂ ಆ ರಾಣಿಯೇ.

ಅಕ್ಕ ದೇವತೆ ಅಂತ ನಾನೇನೂ ಹೇಳುತ್ತಿಲ್ಲ. ಭಾಳ ಬಿರುಸು. ನನ್ನ ನಾದಿನಿಯ ನಿಶ್ಚಿತಾರ್ಥಕ್ಕೆ ಅರ್ಧ ದಿನದ ರಜೆ ಕೇಳಿದರೆ, ‘ನಿನ್ನ ನಾದಿನಿ ನಿಶ್ಚಯ ಆಗಾಕ ನೀನ್ಯಾಕ ಬೇಕು?’ ಅಂದುಬಿಟ್ಟರು. ನನ್ನ ಅತ್ತೆ ಅದನ್ನು ಇವತ್ತಿಗೂ ಆಡುತ್ತಾರೆ. ನನ್ನ ಹಿಂದಿ ಕೇಳಿ, ‘ರೇಡಿಯೋ ಕೆಟ್ಟಂಗದ’ ಅಂತ ಎಲ್ಲರ ಮುಂದೆ ಕಾಡುತ್ತಿದ್ದರು. ತನ್ನ ಡಬ್ಬಿಯ ರೊಟ್ಟಿ, ಪುಂಡಿಪಲ್ಯ ನಮಗೆಲ್ಲ ಹಂಚಿದರೂ ನಮ್ಮ ಡಬ್ಬಿಗೆ ಸುಲಭವಾಗಿ ಕೈ ಹಾಕುತ್ತಿರಲಿಲ್ಲ. ಯಾರು ಮನಸ್ಸಿನಿಂದ ಕೊಡುತ್ತಾರೆ, ಯಾರು ತೋರಿಕೆಗೆ ಕೊಡುತ್ತಾರೆ ಅಂತ ಮುಖ ನೋಡಿ ಅಳೆಯುತ್ತಿದ್ದರು. ಆ ಅಳತೆ ಒಮ್ಮೊಮ್ಮೆ ತಪ್ಪುತ್ತಿತ್ತು, ಒಳ್ಳೆಯವರೂ ನೊಂದುಕೊಳ್ಳುತ್ತಿದ್ದರು.

ಭತ್ತದ ಚೀಲಗಳ ಪ್ರಸಂಗ ಮಾನ್ವಿಯಲ್ಲಿ ಎಲ್ಲರಿಗೂ ಗೊತ್ತು. ದೀಪಾವಳಿ ಕಳೆದು ಭತ್ತ ಬರುವ ಹೊತ್ತಿಗೆ ಮಿಲ್ಲಿನಲ್ಲಿ ಜಾಗ ಸಾಲದೆ, ಸಾಹುಕಾರರು ಒಂಬತ್ತನೇ ತರಗತಿಯ ಕೋಣೆಯಲ್ಲಿ ಚೀಲ ಒಟ್ಟಿಸುತ್ತಿದ್ದರು. ಮಕ್ಕಳು ವರಾಂಡದಲ್ಲಿ ಕೂರಬೇಕು. ಇದು ಅವರಪ್ಪನ ಕಾಲದಿಂದ ಬಂದ ಇನ್ನೊಂದು ಪದ್ಧತಿ. ಅಕ್ಕ ಮೂರು ಸಲ ಹೇಳಿಕಳಿಸಿದರು. ‘ಒಂದಿಷ್ಟು ದಿನ ಟೀಚರ್’ ಅಂತ ಉತ್ತರ. ಒಂದು ಮುಂಜಾನೆ ಅಕ್ಕ ವರಾಂಡಕ್ಕೆ ಬಂದು ಬಳೆ ಏರಿಸಿದರು.

‘ಮಹಾರಾಜ್ರೇ, ಎಲ್ಲಾರೂ ಒಳಗ ನಡೀರಿ. ಚೀಲದ ಮ್ಯಾಲ ಹತ್ತಿ ಕುಂದ್ರಿ.’

‘ಟೀಚರ್, ಸಾಹುಕಾರ್ರು ಬೈತಾರ್ರೀ!’

‘ಬೈಲಿ. ಮೊದಲು ಕುಂದ್ರಿ.’

ಹುಡುಗಿಯರು ಹತ್ತಿದರು, ಹಿಂದೆಯೇ ಹುಡುಗರೂ ಹತ್ತಿದರು. ಚೀಲದ ರಾಶಿ ಸೂರಿಗೆ ಹತ್ತಿರವಾಗಿತ್ತು, ಮಕ್ಕಳ ತಲೆ ತೊಲೆಗೆ ತಾಗುತ್ತಿತ್ತು. ಅಕ್ಕ ಕೆಳಗೆ ನಿಂತು, ತಲೆ ಎತ್ತಿ ಪಾಠ ಮಾಡಿದರು. ಎರಡು ಚೀಲ ಹರಿದು ಭತ್ತ ಸುರಿಯಿತು, ಕೋಳಿಗಳು ಒಳಗೆ ನುಗ್ಗಿದವು, ದಾರಿಯಲ್ಲಿ ಹೋಗುವವರು ಕಿಟಕಿಗೆ ಮುಕುರಿದರು. ಮಧ್ಯಾಹ್ನದೊಳಗೆ ಲಾರಿ ಬಂತು. ಸಾಹುಕಾರರೂ ಬಂದರು. ನಗುತ್ತಲೇ, ‘ಚಲೋ ಕೆಲಸ ಮಾಡಿದ್ರಿ ಟೀಚರ್. ಮಕ್ಕಳ ವಿದ್ಯೆ ಮುಖ್ಯ’ ಅಂದರು. ಆ ವರ್ಷದಿಂದ ಆ ಕೋಣೆಗೆ ಭತ್ತ ಬರಲಿಲ್ಲ. ಅಕ್ಕನ ಖಾಯಂ ಆದೇಶವೂ ಬರಲಿಲ್ಲ.

ಅದು ಬರಬೇಕಾದರೆ ಆಡಳಿತ ಮಂಡಳಿ ಠರಾವು ಮಾಡಿ ಇಲಾಖೆಗೆ ಕಳಿಸಬೇಕು. ಪ್ರತಿ ಸಭೆಯ ದಿನ ಅಕ್ಕ ಹೊಸ ಸೀರೆ ಉಟ್ಟುಕೊಂಡು ಬರುತ್ತಿದ್ದರು. ಪ್ರತಿ ಸಭೆಯ ಕೊನೆಗೆ ಸಾಹುಕಾರರು, ‘ಆಗ್ತದ ಟೀಚರ್, ಆಗ್ತದ. ಅವಸರ ಯಾಕ?’ ಅನ್ನುತ್ತಿದ್ದರು. ಒಂದು ಸಾಯಂಕಾಲ ಬಸ್ಸಿನಲ್ಲಿ ನನಗೆ ತಡೆಯಲಿಲ್ಲ.

‘ಅಕ್ಕಾ, ಮೊದಲು ಕುಂದ್ರಬೇಕು ಅಂತ ಊರಿಗೆಲ್ಲ ಹೇಳ್ತೀರಿ. ಮತ್ತ ನೀವ್ಯಾಕ ಆ ಕುರ್ಚ್ಯಾಗ ಕುಂದ್ರಂಗಿಲ್ಲ? ನಾಳೆ ಹೋಗಿ ಕುಂತುಬಿಡ್ರಿ. ಯಾರು ಎಬ್ಬಸ್ತಾರ ನೋಡೂಣು.’

‘ಆಕಿ ಕುಂತ್ರ ಹಿಂದ ಸೈನ್ಯ ಇತ್ತು. ನಾ ಕುಂತ್ರ ನನ್ನ ಹಿಂದ ಯಾರದಾರವ್ವ? ನೀನಾ?’

‘ಅದೀನಿ.’

ಅಕ್ಕ ನಕ್ಕರು. ಆಮೇಲೆ ನಗು ನಿಲ್ಲಿಸಿ, ‘ಖರೇ ಹೇಳ್ತೀನಿ ಕೇಳು. ಹೆದರಿಕಿ ಅಲ್ಲ. ಕದ್ದು ಕುಂತಂಗ ಆಗಬಾರದು. ಆ ಮನಷ್ಯಾ ಬಂದು, ಇದು ನಿಮ್ಮ ಕುರ್ಚಿ ಬರ್ರಿ ಅಂತ ತನ್ನ ಬಾಯಿಲೆ ಕರೀಬೇಕು. ಅಲ್ಲೀತನಾ ನಾ ಕುಂದ್ರಂಗಿಲ್ಲ’ ಅಂದರು. ಕಿಟಕಿಯ ಕಡೆ ತಿರುಗಿದರು. ಕಲ್ಮಲದಲ್ಲಿ ಇಳಿದು ಹೋದರು.

ಇದೊಂದು ವಿಷಯದಲ್ಲಿ ನನಗೆ ಅಕ್ಕನ ಮೇಲೆ ಇವತ್ತಿಗೂ ಸಿಟ್ಟಿದೆ. ಯಾರನ್ನೂ ಕೇಳದೆ ಕೂರಬೇಕು ಅಂತ ಸಾವಿರಾರು ಹುಡುಗಿಯರಿಗೆ ಕಲಿಸಿದ ಅಕ್ಕ, ತಾನು ಮಾತ್ರ ಕರೆದರೇ ಕೂರುವುದು ಅಂತ ಹಟ ಹಿಡಿದರು. ಅದೂ ಆ ಸಾಹುಕಾರನ ಬಾಯಿಂದ! ಆತನಿಗೆ ಇದು ಗೊತ್ತಾಗಿತ್ತು ಅಂತ ನನ್ನ ಗುಮಾನಿ. ಇಲ್ಲ ಅಂದಿದ್ದರೆ ಅಕ್ಕ ಜಗಳಕ್ಕೆ ನಿಲ್ಲುತ್ತಿದ್ದರು. ಆತ ಇಲ್ಲ ಅನ್ನಲೇ ಇಲ್ಲ. ಆಗ್ತದ, ಆಗ್ತದ ಅಂತ ಸವರುತ್ತಲೇ ಇದ್ದ. ರಾಣಿಗೆ ಎದುರು ನಿಂತವರು ಕತ್ತಿ ಹಿಡಿದು ಬಂದಿದ್ದರು, ಅಕ್ಕನ ಎದುರು ನಿಂತವನು ಕೈಮುಗಿದು ಬಂದಿದ್ದ. ಇದಕ್ಕೆ ಏನು ಮಾಡಬೇಕು ಅಂತ ಆ ರಾಣಿಯ ಪಾಠದಲ್ಲಿ ಇರಲಿಲ್ಲ.

ನಿವೃತ್ತಿಗೆ ಒಂದು ವರ್ಷ ಇದ್ದಾಗ ಸಂಸ್ಥೆಯವರು ಅಕ್ಕನನ್ನು ದೇವದುರ್ಗಕ್ಕೆ ಹಾಕಿದರು. ಅಲ್ಲಿಯೂ ಅವರದೊಂದು ಶಾಲೆ ಇದೆ. ‘ಅಲ್ಲಿ ಹೆಡ್ ಇಲ್ಲ ಟೀಚರ್, ನಿಮ್ಮಂಥವರೇ ಬೇಕು’ ಅಂದರು ಸಾಹುಕಾರರು. ಅಲ್ಲಿಯೂ ಪ್ರಭಾರಿ. ಇತ್ತ ಮಾನ್ವಿಯಲ್ಲಿ ಚಾರ್ಜು ತಮ್ಮನ ಮಗನಿಗೆ ಹೋಯಿತು. ಆತನೂ ಪ್ರಭಾರಿಯೇ, ಆದೇಶದಲ್ಲಿ ಹಾಗೆಯೇ ಬರೆದಿತ್ತು. ಆತ ಬಂದ ಮೊದಲ ದಿನವೇ ಬೈಕಿನ ಕೀಲಿಯನ್ನು ಮೇಜಿನ ಮೇಲೆ ಒಗೆದು, ಸಾಗುವಾನಿ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತ. ‘ಸರ್, ಪದ್ಧತಿ?’ ಅಂತ ನಾನು ಕೇಳಿದೆ. ‘ಯಾವ ಪದ್ಧತಿ ಮೇಡಂ?’ ಅಂದ. ಪುಣ್ಯಾತ್ಮನಿಗೆ ನಿಜವಾಗಿಯೂ ನೆನಪಿರಲಿಲ್ಲ.

ದೇವದುರ್ಗದಲ್ಲಿ ಅಕ್ಕ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದಿದ್ದರು. ನಾನು ನೋಡಲು ಹೋದಾಗ ಜಾಲಹಳ್ಳಿ ಬಸ್ಸಿನ ಕಂಡಕ್ಟರನ ಕೂಗು ಒಳಗೇ ಕೂತು ಕೂಗಿದ ಹಾಗೆ ಕೇಳಿಸುತ್ತಿತ್ತು. ಅಕ್ಕ ಸೊರಗಿದ್ದರು. ಸಕ್ಕರೆ ಕಾಯಿಲೆ ಕಾಲಿಗೆ ಇಳಿದಿತ್ತು. ತಮ್ಮನ ಮಗ ಕುರ್ಚಿಯಲ್ಲಿ ಕೂತ ಸಂಗತಿಯನ್ನು ನಾನು ಹೇಳಬಾರದು ಅಂದುಕೊಂಡೇ ಹೋಗಿದ್ದೆ. ಅವರೇ ಕೇಳಿದರು.

‘ಕುಂತನಾ?’

‘ಕುಂತ ಅಕ್ಕಾ.’

ಸ್ಟೋವಿನ ಮೇಲಿನ ಚಹಾ ಉಕ್ಕಿತು, ಇಬ್ಬರೂ ಏಳಲಿಲ್ಲ. ‘ಕೋಟ್ಯಾಗ ಮಕ್ಕಳಿಗೆ ಆ ಬಂಡಿ ತೋರಸ್ತಿದ್ನಲ್ಲ’ ಅಂದರು. ‘ಇಷ್ಟು ವರ್ಷ ನಾ ಆಕಿ ಅಂತ ತಿಳಕೊಂಡಿದ್ನೆವ್ವ. ನಾ ಬಂಡಿ ಮುಂದ ಇದ್ನಿ.’ ನಾನು ಅವರ ಕೈ ಹಿಡಿದುಕೊಂಡೆ. ಅಳು ಬಂದದ್ದು ನನಗೆ, ಅವರಿಗಲ್ಲ. ಅವರು ಎದ್ದು ಸ್ಟೋವು ಆರಿಸಿದರು. ಉಳಿದ ಚಹಾ ಸೋಸುತ್ತ, ‘ಆಕಿ ಸತ್ತ ಸುದ್ದಿ ಯಾರು ಬರಸ್ಯಾರ ಗೊತ್ತೇನು? ಮಂತ್ರಿ ಅಲ್ಲ, ಮೊಮ್ಮಗ ಅಲ್ಲ. ಒಬ್ಬ ಸಾದಾ ಬಂಟ ಒಂದು ಕಲ್ಲು ಹಾಕಿಸ್ಯಾನ. ಅದರಿಂದಾನೇ ಗೊತ್ತಾಗಿದ್ದು’ ಅಂದರು. ಯಾಕೆ ಹೇಳಿದರೋ. ಈಗ ಇದನ್ನು ಬರೆಯುತ್ತ ಕೂತಾಗ ಆ ಮಾತು ಮತ್ತೆ ಮತ್ತೆ ಬರುತ್ತದೆ.

ಮೊನ್ನೆ ಮಾನ್ವಿಯ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ. ಹೆಡ್ ಮಾಸ್ತರರ ಕೋಣೆಯಲ್ಲೇ ಮಾಡಿದ್ದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅಕ್ಕನ ಫೋಟೋವನ್ನು ಸಾಗುವಾನಿ ಕುರ್ಚಿಯ ಮೇಲೆ ಇಟ್ಟು ಹಾರ ಹಾಕಿದ್ದರು. ಊದಿನಕಡ್ಡಿಯ ಹೊಗೆಯಲ್ಲಿ ಹಿತ್ತಾಳೆ ಗುಬ್ಬಿಗಳು ಫಳಫಳ ಅನ್ನುತ್ತಿದ್ದವು. ಸಾಹುಕಾರರಿಗೆ ಈಗ ವಯಸ್ಸಾಗಿದೆ, ಮಾತು ಮಾತ್ರ ಅದೇ ಬೆಣ್ಣೆ. ‘ಟೀಚರ್ ಈ ಶಾಲಿಯನ್ನ ರಾಣಿಯಂಗ ಆಳಿದ್ರು. ಈ ಕುರ್ಚಿಗೆ ಗೌರವ ತಂದವರು’ ಅಂದರು. ನಾನು ಎದ್ದು ನಿಂತೆ. ನಾನು ನಿವೃತ್ತಳಾಗಿ ಎರಡು ವರ್ಷ, ಇನ್ನು ಯಾರ ಹಂಗು?

‘ಸಾಹುಕಾರ್ರೇ, ಅಕ್ಕ ಆ ಕುರ್ಚ್ಯಾಗ ಒಂದು ದಿನಾನೂ ಕುಂತಿಲ್ರಿ. ನೀವು ಕುಂದ್ರಸಲಿಲ್ಲ.’

ಸಾಹುಕಾರರು ನನಗೆ ಕೈಮುಗಿದರು. ‘ಮೇಡಂಗೆ ದುಃಖ ಆಗೇದ, ನೀರು ಕೊಡ್ರಿ’ ಅಂದರು. ಎರಡು ನಿಮಿಷ ಮೌನ ಆಚರಿಸಿ ಎಲ್ಲರೂ ಚಹಾ ಕುಡಿದರು. ಈ ಸಲ ಸಾಹುಕಾರರೂ ಕುಡಿದರು. ಅಷ್ಟರಲ್ಲಿ ತಮ್ಮನ ಮಗನಿಗೆ ಯಾವುದೋ ಸಹಿ ಹಾಕಬೇಕಿತ್ತು. ಕುರ್ಚಿಯ ಕಡೆ ನೋಡಿದ, ಫೋಟೋ ಇತ್ತು. ಜವಾನನನ್ನು ಕರೆದು, ಮೊಬೈಲಿನಿಂದ ಕಣ್ಣು ತೆಗೆಯದೆ ಹೇಳಿದ.

‘ಲೇ, ಅದನ್ನ ಬಾಜೂಕ ಇಡು.’

ಎಡಗಡೆಯ ಗೋಡೆಗೆ ಅದೇ ತೋಳಿಲ್ಲದ ಕುರ್ಚಿ ಇನ್ನೂ ಇತ್ತು. ಜವಾನ ಅಕ್ಕನನ್ನು ತಂದು ಅದರ ಮೇಲೆ ಇಟ್ಟ. ಆತನದೇನು ತಪ್ಪು, ಖಾಲಿ ಇದ್ದದ್ದು ಅದೊಂದೇ.

ನಾನು ಫೋಟೋ ಎತ್ತಿಕೊಂಡೆ. ಯಾರನ್ನೂ ಕೇಳಲಿಲ್ಲ, ಯಾರೂ ತಡೆಯಲಿಲ್ಲ. ರಾಯಚೂರು ಬಸ್ಸು ಹತ್ತಿ, ಕಿಟಕಿಯ ಬದಿಗೆ ಫೋಟೋ ನಿಲ್ಲಿಸಿ, ನಾನು ಈಚೆ ಕೂತೆ. ನೀರಮಾನ್ವಿಯಲ್ಲಿ ಜನ ತುಂಬಿದರು. ಒಬ್ಬ ಗಂಡಸು ಬಂದು ನಮ್ಮ ಸೀಟಿನ ಹತ್ತಿರ ನಿಂತ.

‘ಯಕ್ಕಾ, ಫೋಟೋಕ್ಕೂ ಒಂದು ಸೀಟು ಬೇಕೇನು? ತೊಡಿ ಮ್ಯಾಲ ಇಟ್ಕೋರಿ. ಇಲ್ಲಾ, ಬಾಜೂಕ ಸರಸ್ರಿ.’

‘ಸರಸಂಗಿಲ್ಲ’ ಅಂದೆ.

‘ಯಾರ ಫೋಟೋರೀ ಇದು?’

‘ಮಹಾರಾಜ್ರದ್ದು.’

ಆತ ಹಾರದೊಳಗಿನ ಮುಖವನ್ನು ಬಗ್ಗಿ ನೋಡಿದ, ನನ್ನನ್ನು ನೋಡಿದ. ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಅಕ್ಕ ಇಳಿಯುತ್ತಿದ್ದ ಕಲ್ಮಲ ಬರುವವರೆಗೂ ಆತ ನಿಂತೇ ಇದ್ದ.